ಸಂತನ ಬಟ್ಟೆಯ ನಟ್ಟನಡುವಿನ ಕೋಳಿ

ಇಷ್ಟೆಲ್ಲಾ ರಂಪ ಆಗಿದ್ದು ಒಂದು ರೊಟ್ಟಿಯಗಲದ ಖಾಲಿ ಜಾಗದಿಂದ.

ಬೆಳಗಾದ್ರೆ ಸಂತ ನಿಕೊಲಾಸನ ಹಬ್ಬ. ಬಲಿಪೀಠಕ್ಕೆ ಹಾಸೋ ಬಟ್ಟೆಗೆ ನಮ್ಮೂರ ಹೆಂಗಸರು ಮಳೆಗಾಲ ಪೂರ್ತಿ ಕೂತು ಕಸೂತಿ ಹಾಕಿದ್ರು. ಜಿಂಕೆ, ಮೊಲ, ನವಿಲು, ಹೂವು ಅಂತ ಸೂಜಿ ಊರೋಕೆ ಜಾಗ ಇಲ್ಲದ ಹಾಗೆ ತುಂಬಿ ತುಳುಕ್ತಿತ್ತು. ನಟ್ಟನಡುವೆ ಮಾತ್ರ ಬೋಳುತಲೆ ಥರ ಬೆಳ್ಳಗೆ ಹೊಳೀತಿತ್ತು. ಹಾಗೆ ಬೋಳು ಬಿಟ್ಟವನು ಚಿತ್ರಗಾರ ನಜಾರಿಯೊ.

ಆದ್ರೂ ನಜಾರಿಯೊ ಕೈ ಅಂದ್ರೆ ಸುಮ್ನೆ ಅಲ್ಲ ಕಣ್ರೀ. ನಮ್ಮಲ್ಲಿ ಒಬ್ಬರು ಬಟ್ಟೆ ಮೇಲೆ ಪೆನ್ನಿಂದ ಗೆರೆ ಬರೀಬೇಕು, ಮಿಕ್ಕವರು ಆ ಗೆರೆಗೆ ದಾರ ತುಂಬಬೇಕು. ಬೇರೆಯವರು ಬರೆದು, ಅಳಿಸಿ, ಬಟ್ಟೇನ ಒರೆಸೋ ಬಟ್ಟೆ ಮಾಡ್ತಾರೆ. ಇವನು ಮೊಲದ ಮೂಗಿನ ಮೇಲೆ ಪೆನ್ನು ಊರಿದ್ರೆ ಬಾಲ ಮುಗಿಯೋವರೆಗೂ ಒಂದೇ ಉಸಿರು. ಒಂದ್ಸಲ ಇವನು ಬರೆದ ಗುಬ್ಬಿ ಈಗ ಹಾರತ್ತೆ, ಆಗ ಹಾರತ್ತೆ ಅಂತ ಕಸೂತಿ ಹಾಕೋ ತೋಮಾಸಾಳ ಬೆಕ್ಕು ಎದುರಿಗೆ ಕಾದು ಕೂತು, ಕೊನೆಗೆ ಅಲ್ಲೇ ಮರಿ ಹಾಕ್ತು. ಅಂಥಾ ಕೈ!

ಆದ್ರೆ ಮಹಾರಾಯನಿಗೆ ಒಂದು ಕಾಯಿಲೆ. ಆಯಾ ಕಾಲ ಏನು ಕೊಡತ್ತೋ ಅದನ್ನೇ ಬರೀಬೇಕು. ಕಿತ್ತಳೆ ಹೂ ಬಿಟ್ಟಾಗ ಜೇನು, ಮೊದಲ ಮಳೆಗೆ ಬಸವನಹುಳು, ಜೋಳ ಹಾಲುಗಾಳಾದಾಗ ಅಳಿಲು. ಸಂತನ ಬಟ್ಟೆಯ ನಡುವೆ ಅಂತೂ ಆ ವರ್ಷದ ಮಳೆಗಾಲ ತಾನಾಗೇ ತಂದುಕೊಟ್ಟ ಪ್ರಾಣಿ ಕೂರಬೇಕು. ಈ ವರ್ಷದ ಮಳೆ ಮಂಜು ತಂತು, ಕೆಸರು ತಂತು, ಅವನಿಗೆ ಹೆಣ್ಣೂ ಕೊಟ್ಟು ಮನೇಲೂ ಇಟ್ಟುಕೊಂಡ ಅತ್ತೆ ಮಕಾರಿಯಾಗೆ ಮಂಡಿನೋವು ತಂತು. ಪ್ರಾಣಿ ಮಾತ್ರ ತರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೆಳಿಗ್ಗೆ ದೋನ್ಯಾ ಲಿಬ್ರಾದಾ ಜಡಿಮಳೇಲೇ ಅವರ ಅಂಗಳಕ್ಕೆ ನುಗ್ಗಿದಳು. ಈ ವರ್ಷದ ಹಬ್ಬದ ಯಜಮಾನಿಕೆ ಅವಳದ್ದು, ಅದಕ್ಕೇ ಎಲ್ಲರೂ 'ದೋನ್ಯಾ', ಅಂದ್ರೆ ಅಮ್ಮಾವ್ರು, ಅಂತಲೇ ಕರೀಬೇಕು. ಊರಿಗೆಲ್ಲಾ ಕೇಳೋ ಗಂಟಲು. ಅತ್ತೆ ಮಕಾರಿಯಾಳ ಹಂದಿ ಅವಳ ಹಿತ್ತಲಿನ ಕುಂಬಳಕಾಯಿ ತಿಂದಾಗಿನಿಂದ ಈ ಮನೆ ಕಂಡ್ರೆ ಉರಿದು ಬೀಳ್ತಿದ್ದಳು.

"ಏನೋ ನಜಾರಿಯೊ, ಸಂತನಿಗೆ ತೂತುಬಟ್ಟೆ ಹಾಸ್ತೀಯೇನೋ?"

"ತೂತಲ್ಲ ದೋನ್ಯಾ. ಖಾಲಿ. ಇನ್ನೂ ಬಂದಿಲ್ಲ."

"ಏನು ಬಂದಿಲ್ಲ?"

"ಬರಬೇಕಾದ್ದು."

"ನಿಂಗೆ ಬುದ್ಧಿ ಬಂದಿಲ್ಲ! ಹೊಳೆಯಾಚೆ ಎವೊದಿಯೊ ಇದಾನೆ ನೋಡು, ಕ್ಯಾಲೆಂಡರ್ ಚಿತ್ರದ ಮೇಲೆ ಬಟ್ಟೆ ಇಟ್ಟು ಕಣ್ಣುಮುಚ್ಚಿ ಬಿಡೋದ್ರಲ್ಲಿ ಗೀಚಿ ಕೊಡ್ತಾನೆ. ಸಂಜೆ ಘಂಟೆ ಹೊಡೆಯೋದ್ರೊಳಗೆ ಇದು ತುಂಬಲಿಲ್ವೋ, ಇನ್ಮೇಲೆ ಸಂತನ ಬಟ್ಟೆ ಅವನ್ದೇ. ನೀನು ಹೋಗಿ ಆಲೂಗೆಡ್ಡೆ ಚೀಲದ ಮೇಲೆ ಬರಕೋ!"

ನಜಾರಿಯೊ ಬಟ್ಟೇನ ತನ್ನ ಕಡೆಗೆ ಎಳ್ಕೊಂಡ. ಸಂತನ ಬಟ್ಟೆ ಅವನ ತಾಯಿ ಬರೀತಿದ್ದಳು, ಅವಳ ಕೈಯಿಂದ ಅವನಿಗೆ ಬಂದಿತ್ತು. ಅದು ಹೋದ್ರೆ ಅವನ ಪಾಲಿಗೆ ಕೈ ಹೋದ ಹಾಗೇ. ಏನಾದ್ರೂ ಹೇಳೋಣ ಅಂತ ತಲೆ ಎತ್ತಿದ, ಹಾಗೇ ಕಲ್ಲಾದ.

ಮಳೇಲಿ ಲಿಬ್ರಾದಾ ಎದೆ ಉಬ್ಬಿಸಿ ನಿಂತಿದ್ದಳು. ಒದ್ದೆ ಶಾಲು ಎರಡೂ ಕಡೆ ರೆಕ್ಕೆ ಥರ ಹರಡಿತ್ತು. ಬೈದೂ ಬೈದೂ ಕತ್ತು ಕೆಂಪಾಗಿ, ಗಂಟಲ ಕೆಳಗಿನ ಜೋಲು ಗಡಗಡ ಅಲ್ಲಾಡ್ತಿತ್ತು.

"ಬಂತು!" ಅಂದ ನಜಾರಿಯೊ.

"ಬಂದ್ರೆ ಸರಿ!" ಅಂತ ಅವಳು ಹೊರಟಳು.

ಪೆನ್ನು ಊರಿದ, ಒಂದೇ ಉಸಿರಿಗೆ ಎತ್ತಿದ. ಬಟ್ಟೆ ಮೇಲೆ ಒಂದು ಟರ್ಕಿ ಕೋಳಿ ನಿಂತಿತ್ತು. ಎಂಥಾ ಕೋಳಿ ಅಂತೀರಿ! ಒಂದೊಂದು ಪುಕ್ಕದಲ್ಲೂ ಮಳೆ ಹನಿ, ಬಾಲ ಬಿಚ್ಚಿದ್ರೆ ಇಗರ್ಜಿ ಬಾಗಿಲಷ್ಟು ಠೀವಿ. ದೇವರು ಕೋಳಿ ಮಾಡುವಾಗ ಇವನನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ನೋ ಏನೋ.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕೋಳಿಗೆ ಶಾಲು ಇತ್ತು. ಕಿವಿಯಲ್ಲಿ ಓಲೆ ಇತ್ತು. ಅದು ಕೋಳಿ ಅಲ್ಲ, ಸಾಕ್ಷಾತ್ ಲಿಬ್ರಾದಾ! ಅವಳೇನಾದ್ರೂ ಇದನ್ನ ಕಂಡ್ರೆ ಸಂತನ ಬಟ್ಟೆ ಎವೊದಿಯೊಗೆ ಹೋಯ್ತು ಅಂತಲೇ ಲೆಕ್ಕ.

ಸದ್ಯ, ಆ ಶಾಯಿ ಸೋಪು ತಾಗಿದ್ರೆ ಹೋಗತ್ತೆ. ಮನೇಲಿ ಸೋಪಿನ ಚೂರೂ ಇರಲಿಲ್ಲ, ಅತ್ತೆ ಹಬ್ಬದ ಬಟ್ಟೆ ಒಗೆದು ಮುಗಿಸಿದ್ದಳು. ಹೊಳೆ ದಾಟಿ ಅಂಗಡಿಗೆ ಓಡಿದ, ಸೋಪು ತರೋ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಬಂದು ನೋಡಿದ್ರೆ ಮೇಜು ಇದೆ, ಪೆನ್ನು ಇದೆ, ಬಟ್ಟೆ ಇಲ್ಲ!

ನಮ್ಮೂರ ಹೆಂಗಸರಿಗೆ ಗೆರೆ ಕಂಡ್ರೆ ಸಾಕು, ದಾರ ತುಂಬಿಬಿಡ್ತಾರೆ. ಇದು ಯಾಕೆ, ಇದು ಏನು ಅಂತ ಕೇಳೋರಲ್ಲ. ಹಿಂದೆ ಎವೊದಿಯೊ ಶಾಯಿ ಬರತ್ತೋ ಇಲ್ವೋ ಅಂತ ಬಟ್ಟೆ ಮೂಲೇಲಿ ಗೀಚಿ ನೋಡಿದ್ದ, ಅದಕ್ಕೂ ಹಸಿರು ದಾರ ತುಂಬಿ ಕೊಟ್ಟಿದ್ರು.

ಯಾವತ್ತೂ ಮೊದಲು ಸೂಜಿ ಹಾಕೋಳು ತೋಮಾಸಾ, ನಜಾರಿಯೊ ಏದುಸಿರು ಬಿಡ್ತಾ ಅವಳ ಮನೆಗೆ ಓಡಿದ.

"ಬಟ್ಟೆ ಎಲ್ಲಿ?"

"ಕಾಲು ಮುಗಿಸ್ದೆ, ಒಬ್ದುಲಿಯಾ ಮನೆಗೆ ಕಳಿಸ್ದೆ. ಗುಲಾಬಿ ದಾರ ಅವಳ ಹತ್ರ ತಾನೇ ಇರೋದು?"

"ಅಯ್ಯೋ ತೋಮಾಸಾ, ಆ ಚಿತ್ರ ತಪ್ಪಾಗಿದೆ! ಕಾಲಲ್ಲಿ ಒಂದು ಬೆರಳು ಕಮ್ಮಿ!"

"ಗೊತ್ತಾಯ್ತಪ್ಪ, ನಾನೇ ಒಂದು ಸೇರಿಸ್ದೆ." ತೋಮಾಸಾ ತುಟಿ ಬಿಗಿಹಿಡಿದಳು. "ಆದ್ರೆ ಆ ಮುಖಾನ ಎಲ್ಲೋ ನೋಡಿದ ಹಾಗಿದೆಯಲ್ಲೋ?"

ಅಲ್ಲಿಂದ ಇಳಿಜಾರಲ್ಲಿ ಓಡುವಾಗ ಜಾರಿ, ಒಬ್ದುಲಿಯಾ ಬಾಗಿಲವರೆಗೂ ಕೂತೇ ಹೋದ. ಜೇಬಿನಲ್ಲಿದ್ದ ಸೋಪು ಮಳೆಗೆ ನೆಂದು ಸೊಂಟದ ಸುತ್ತ ನೊರೆ ಎದ್ದಿತ್ತು, ಕುದ್ದು ಉಕ್ಕಿದ ಹಾಲಿನ ಪಾತ್ರೆ ಹಾಗೆ ಕಾಣ್ತಿದ್ದ.

"ಏನಪ್ಪಾ ಇದು? ಸ್ನಾನಕ್ಕೆ ನಮ್ಮನೇನೇ ಆಗಬೇಕಿತ್ತಾ?" ಅಂದಳು ಒಬ್ದುಲಿಯಾ.

"ನಿನ್ನ ಕಾಲಿಗೆ ಬೀಳ್ತೀನಿ, ಹಾಕಿದ ದಾರ ಬಿಚ್ಚಿಬಿಡು!"

"ಸಂತನ ಬಟ್ಟೆ ದಾರ ಹಬ್ಬದ ಹೊತ್ತಲ್ಲಿ ಕಿತ್ತರೆ ಕೈ ಸೊಟ್ಟಗಾಗತ್ತೆ. ನಿನ್ನ ಮೂತಿ ಸೊಟ್ಟಗಿದ್ರೂ ಬರೆದು ಬದುಕ್ತೀಯ, ನನಗೆ ಕೈ ಬೇಕು ಮಾರಾಯ. ಅಲ್ಲದೆ ಬಟ್ಟೆ ಇಲ್ಲೆಲ್ಲಿದೆ? ಬಾಲ, ಶಾಲು ನಾನು ಮುಗಿಸ್ದೆ. ಮುಖಕ್ಕೆ ಕೆಂಪು ಬೇಕಿತ್ತು, ನಿನ್ನ ಅತ್ತೆಗೇ ಕೊಟ್ಟು ಬಂದೆ."

ನಜಾರಿಯೊ ಮನೆಗೆ ಓಡಿ ಬಂದ. ಬಾಗಿಲಲ್ಲಿ ಮಕಾರಿಯಾ ಕೊನೇ ಕೆಂಪು ದಾರ ಹಲ್ಲಲ್ಲಿ ಕಚ್ಚಿ ಕಡೀತಿದ್ದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಮಂಡಿನೋವು ಎಲ್ಲಿ ಹೋಗಿತ್ತೋ!

"ಬನ್ನಿ ಅಳಿಯಂದ್ರೇ, ಬನ್ನಿ! ಆ ಲಿಬ್ರಾದಾಳ ಗಂಟಲು ಅಲ್ಲಾಡೋದನ್ನ ಥೇಟ್ ಇಳಿಸಿಬಿಟ್ಟಿದೀರಲ್ಲ! ನನ್ನ ಮಗಳನ್ನ ನಿಮಗೆ ಕೊಟ್ಟಿದ್ದು ಇವತ್ತು ಸಾರ್ಥಕ ಆಯ್ತು. ರಾತ್ರಿ ಊಟಕ್ಕೆ ಜೋಳದ ಕಡುಬು, ತಮಾಲೆ, ಬೇಕಾದಷ್ಟು ತಿನ್ನಿ."

"ಅತ್ತೆ, ಕೊಡಿ ಇಲ್ಲಿ..."

ಘಂಟೆ ಹೊಡೀತು. ಅತ್ತೆ ಬಟ್ಟೆ ಎತ್ತಿ ಎದೆಗವಚಿಕೊಂಡು ಮದುವೆ ಹೆಣ್ಣಿನ ಹಾಗೆ ಇಗರ್ಜಿಗೆ ನಡೆದೇಬಿಟ್ಟಳು. ಹಿಂದೆ ನೊರೆ ಸುರಿಸ್ತಾ ಅಳಿಯ.

ಬಲಿಪೀಠದ ಮೇಲೆ ಬಟ್ಟೆ ಹಾಸಿದ್ರು. ಮೇಣದಬತ್ತಿ ಬೆಳಕಲ್ಲಿ ಕೋಳಿ ಇನ್ನೇನು ಕೂಗಿಬಿಡತ್ತೆ ಅನ್ನೋ ಹಾಗಿತ್ತು. ಚೆಂದಕ್ಕೆ ಎಲ್ಲರ ಬಾಯಿಂದ 'ಆಹಾ' ಬಂತು. ಆಮೇಲೆ ಮುಖ ಕಂಡಿತು. ಹೆಂಗಸರೆಲ್ಲ ಬಾಯಿಗೆ ಶಾಲು ತುರುಕಿಕೊಂಡ್ರು.

ಲಿಬ್ರಾದಾ ಮುಂದೆ ಬಂದಳು. ಬಗ್ಗಿ ನೋಡಿದಳು. ನಜಾರಿಯೊ ಕಣ್ಣು ಮುಚ್ಚಿ ಮನಸ್ಸಲ್ಲೇ ತಾಯಿಗೆ ಕ್ಷಮೆ ಕೇಳ್ಕೊಂಡ.

"ಅಯ್ಯಯ್ಯೋ!" ಅಂತ ಲಿಬ್ರಾದಾ ಹೊಟ್ಟೆ ಹಿಡಕೊಂಡು ನಗೋಕೆ ಶುರು ಮಾಡಿದಳು. "ಮಕಾರಿಯಾ! ಥೇಟ್ ಮಕಾರಿಯಾ! ಸ್ವಂತ ಅತ್ತೇನೇ ಕೋಳಿ ಮಾಡಿಬಿಟ್ಟಿದಾನಲ್ಲಪ್ಪ! ಸಾಯೋವರೆಗೂ ಸಂತನ ಬಟ್ಟೆ ನಿನ್ದೇ ಕಣೋ ನಜಾರಿಯೊ!"

ಮಕಾರಿಯಾ ನಗು ಗಕ್ಕನೆ ನಿಂತಿತು. ಅವಳೂ ಬಗ್ಗಿ ನೋಡಿದಳು. ಅವರಿಬ್ಬರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು, ಕತ್ತು ಒಂದೇ ಅಚ್ಚಿನದ್ದು. ಎಷ್ಟೇ ಜಗಳ ಆದ್ರೂ ಕತ್ತು ಬದಲಾಗಲ್ಲ ನೋಡಿ.

"ನಾನಾ?" ಅಂದಳು ಮಕಾರಿಯಾ. "ಅದು ಇವಳು!"

"ಹೋಗೇ, ಅದು ನೀನು!"

"ಕೇಳಿಬಿಡೋಣ! ಏ ನಜಾರಿಯೊ, ಸಂತನ ಮುಂದೆ ನಿಂತು ಹೇಳು. ಯಾರದು?" ಅಂದಳು ಲಿಬ್ರಾದಾ.

ಇಡೀ ಇಗರ್ಜಿ ಅವನ ಕಡೆ ತಿರುಗಿತು. ಲಿಬ್ರಾದಾ ಅಂದ್ರೆ ಸಂತನ ಬಟ್ಟೆ ಹೋಯ್ತು. ಅತ್ತೆ ಅಂದ್ರೆ ಮನೆ ಹೋಯ್ತು, ಊಟ ಹೋಯ್ತು, ಹೆಂಡ್ತಿಯೂ ಅಮ್ಮನ ಕಡೆಗೇ ಹೋಗ್ತಾಳೆ.

"ನಾನು," ಅಂದ ನಜಾರಿಯೊ. "ಅದು ನನ್ನದೇ ಮುಖ."

ಇಬ್ಬರೂ ಅವನನ್ನ ನೋಡಿದ್ರು. ಮಳೇಲಿ ನೆಂದು ಕೂದಲು ಪುಕ್ಕದ ಹಾಗೆ ಎದ್ದಿತ್ತು, ಓಡಿ ಓಡಿ ಕತ್ತು ಕೆಂಪಗಾಗಿತ್ತು, ಹೆದರಿಕೆಗೆ ಗಂಟಲಗಂಟು ಮೇಲೆ ಕೆಳಗೆ ಓಡಾಡ್ತಿತ್ತು.

"ಹೌದಲ್ವೇನೇ ಲಿಬ್ರಾದಾ!" ಅಂದಳು ಮಕಾರಿಯಾ.

"ಅದೇ ಮೂಗು ಕಣೇ ಮಕಾರಿಯಾ!" ಅಂದಳು ಲಿಬ್ರಾದಾ.

ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕ್ಕೊಂಡು ಬಿದ್ದೂ ಬಿದ್ದೂ ನಕ್ಕರು.

ಸಂತನ ಬಟ್ಟೆ ನಜಾರಿಯೊಗೇ ಉಳೀತು, ಮನೆಯೂ ಉಳೀತು. ಆದ್ರೆ ಈಗ ಕಿತ್ತಳೆ ಹೂ ಬಿಟ್ಟು ಜೇನು ಬಂದು ಅವನ ಪೆನ್ನಿನ ಮೇಲೇ ಕೂತರೂ ಯಾರಿಗೂ ಜೇನು ಬೇಡ. ಮದುವೆಗೂ ಅದೇ ಕೋಳಿ, ತೊಟ್ಟಿಲಿಗೂ ಅದೇ ಕೋಳಿ. ಪಟ್ಟಣದ ವ್ಯಾಪಾರಿಗಳು ಅವನನ್ನೇ ಹುಡುಕ್ಕೊಂಡು ಬರ್ತಾರೆ. ಬಟ್ಟೆ ನೋಡ್ತಾರೆ, ಅವನನ್ನ ನೋಡ್ತಾರೆ, ಆಮೇಲೆ ಬಹಳ ಮರ್ಯಾದೆಯಿಂದ ಕೇಳ್ತಾರೆ:

"ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತ್ಕೋತೀರಾ?"