ಹಸಿ ಕವಿತೆ ಸ್ವೀಕರಿಸಲಾಗುವುದಿಲ್ಲ

ಕಾನಸೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ನಿಂತು ತಮ್ಮ ಕವಿತೆ ಓದಬಹುದೆಂಬ ಜನಪರ ಚಳವಳಿಯು ಕಳೆದ ಫೆಬ್ರುವರಿಯಲ್ಲಿ ಆರಂಭವಾಗಿ, ಸಕಲ ನಿಯಮಗಳ ಪಾಲನೆಯೊಂದಿಗೆ ಯಶಸ್ವಿಯಾಗಿದೆ. ಕಾರ್ಯದರ್ಶಿಯಾಗಿ ಈ ವರದಿ ಒಪ್ಪಿಸುತ್ತಿದ್ದೇನೆ.

ಸಮಿತಿಯಲ್ಲಿ ನಾವು ಏಳು ಜನ. ಏಳೂ ಜನ ಅಡಿಕೆ ವ್ಯಾಪಾರದಲ್ಲಿ ತಲೆ ಹಣ್ಣಾದವರು. ಕವಿತೆಯ ಬಗ್ಗೆ ಯಾರಿಗೂ ಪೂರ್ವಗ್ರಹವಿರಲಿಲ್ಲ.

ಮೊದಲು ಬಂದವಳು ಸ್ಟ್ಯಾಂಡಿನೆದುರು ತರಕಾರಿ ಮಾರುವ ಗಂಗೆ.

“ಅವ್ವನ ಮೇಲೆ ಬರದೀನಿ ಹೆಗಡೇರೆ. ಅವಳ ಕಿವಿ ದಿನಾ ಮಂದ ಆಗ್ತಾ ಐತೆ. ಪೂರ್ತಿ ಹೋಗೋದ್ರೊಳಗೆ ಓದ್ಬೇಕು” ಎಂದಳು.

ಅಧ್ಯಕ್ಷ ಶಾಂತಾರಾಮ ಹೆಗಡೆಯವರು, “ಯಾವಾಗ ಬರದದ್ದು?” ಎಂದರು.

“ನಿನ್ನೆ ಸಂಜಿಗೆ.”

“ಎಂತದೇ ಮಾರಾಯ್ತಿ, ಹಸೀ ಮಾಲು ತಂದ್ಯಲ್ಲೇ!”

ಕೂಡಲೇ ತುರ್ತುಸಭೆ ಸೇರಿ ನಿಯಮ ಮಾಡಲಾಯಿತು: ‘ಹಸಿ ಕವಿತೆ ಸ್ವೀಕರಿಸಲಾಗುವುದಿಲ್ಲ. ಅಡಿಕೆಯಂತೆಯೇ ನಲವತ್ತು ದಿನ ಬಿಸಿಲಿಗೆ ಒಣಗಿಸಿ, ದರ್ಜೆ ನಿಗದಿಯಾದ ಬಳಿಕವೇ ಓದತಕ್ಕದ್ದು.’

ಗಂಗೆಯ ಹಾಳೆಯನ್ನು ಸಮಿತಿ ಕಚೇರಿಯ ಟೆರೇಸಿನಲ್ಲಿ ಹರವಿ, ಮೂಲೆಗೆ ಕಲ್ಲಿಟ್ಟು, ಮಂಗ ಮುಟ್ಟದಂತೆ ಬಲೆ ಕಟ್ಟಿದೆವು. ದಿನಕ್ಕೊಮ್ಮೆ ನಾನೇ ಮಗುಚಿ ಹಾಕುತ್ತಿದ್ದೆ. ಇದಕ್ಕೆ ಗೌರವಧನ ಪಡೆದಿಲ್ಲ.

ಇಪ್ಪತ್ತನೇ ದಿನ ಗಂಗೆ ಓಡಿ ಬಂದಳು. “ಅವ್ವಂಗೆ ಈಗ ಬಸ್ಸಿನ ಹಾರನ್ ಅಷ್ಟೇ ಕೇಳ್ತದೆ. ಹಾಳೆ ಒಣಗ್ತಾ ಇರ್ಲಿ, ನಂಗೆ ಬಾಯಿಗೆ ಬರ್ತದೆ. ಇವತ್ತೇ ಹೇಳ್ಲಾ?”

ಮತ್ತೆ ಸಭೆ. ತಿದ್ದುಪಡಿ: ‘ಹಾಳೆಯಲ್ಲಿ ಇದ್ದದ್ದನ್ನು ಮಾತ್ರ ಓದತಕ್ಕದ್ದು. ಬಾಯಿಪಾಠವನ್ನು ಕಲಬೆರಕೆ ಎಂದು ಪರಿಗಣಿಸಲಾಗುವುದು.’

ನಲವತ್ತೊಂದನೇ ದಿನ, ಮೂವತ್ತು ವರ್ಷ ಅಡಿಕೆಯ ದರ್ಜೆ ನೋಡಿದ ಶಂಭುಲಿಂಗ ಭಟ್ಟರು ಹಾಳೆಯನ್ನು ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿದರು. ಬಿಸಿಲಿಗೆ ಶಾಯಿ ಪೂರ್ತಿ ಹಾರಿ ಒಂದಕ್ಷರವೂ ಉಳಿದಿರಲಿಲ್ಲ.

“ತೇವ ಪೂರಾ ಹೋಯ್ದು. ಎಂಥಾ ಬೆಳ್ಳಗಿನ ಮಾಲು!” ಎಂದು ಮೊದಲನೇ ದರ್ಜೆ ಕೊಟ್ಟರು. ನನಗೆ ಹೆಮ್ಮೆಯಾಯಿತು.

ಓದಿನ ದಿನ ಗಂಗೆಯ ಅವ್ವ ಮಂಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಗಂಗೆ ಮೈಕಿನೆದುರು ಹಾಳೆ ಬಿಚ್ಚಿದಳು.

“ಇದ್ರಲ್ಲಿ ಏನೂ ಇಲ್ಲ ಹೆಗಡೇರೆ.”

“ಇದ್ದಷ್ಟು ಓದು ತಂಗಿ. ನಿಯಮ ಉಂಟು.”

ಅವಳು ಅವ್ವನನ್ನೇ ನೋಡುತ್ತ ಸುಮ್ಮನೆ ನಿಂತಳು. ಸಿದ್ದಾಪುರದ ಬಸ್ಸಿನವನೂ ಗೌರವದಿಂದ ಇಂಜಿನ್ ಬಂದ್ ಮಾಡಿದ. ಗಂಗೆಯ ಕಣ್ಣಿಂದ ನೀರಿಳಿಯಿತು. ಮಾಲು ಮತ್ತೆ ಹಸಿಯಾದೀತೆಂದು ನಾನು ಹಾಳೆಯನ್ನು ಪಕ್ಕಕ್ಕೆ ಸರಿಸಿದೆ.

ಐದು ನಿಮಿಷದ ಬಳಿಕ ಭಾರೀ ಚಪ್ಪಾಳೆ. ಆ ದಿನದ ಹೊತ್ತಿಗಾಗಲೇ ಮಂಜಿಗೆ ಬಸ್ಸಿನ ಹಾರನ್ನೂ ಕೇಳದಂತಾಗಿತ್ತು. ಹೇಗಿತ್ತೆಂದು ಕೈಸನ್ನೆಯಲ್ಲಿ ಕೇಳಿದೆ.

“ಎಲ್ಲಾರಿಗೂ ಎಷ್ಟು ಕೇಳ್ತೋ, ನಂಗೂ ಅಷ್ಟೇ ಕೇಳ್ತು” ಎಂದಳು.

ಈಗ ಶಿರಸಿ, ಯಲ್ಲಾಪುರಗಳಲ್ಲೂ ಶಾಖೆಗಳಿವೆ. ಮಳೆಗಾಲದಲ್ಲಿ ಒಣಗಿಸುವ ತಾಪತ್ರಯ ಬೇಡವೆಂದು ಅಲ್ಲಿನ ಕವಿಗಳು ಖಾಲಿ ಹಾಳೆಯನ್ನೇ ತರುತ್ತಾರೆ. ಮೊನ್ನೆ ಗಂಗೆಯೂ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು.

“ಇದನ್ನ ಒಣಗಿಸೋದು ಬ್ಯಾಡ ಹೆಗಡೇರೆ. ಏನೂ ಬರ್ದಿಲ್ಲ.”

ಸರ್ವಾನುಮತದಿಂದ ಸ್ವೀಕರಿಸಲಾಯಿತು.