ಗೌಡರ ಮೋಟಾರು ಬೇಟೆ

ಕೋವಿ ಇದ್ದವರ ಮನೆಯಲ್ಲಿ ಕೆಲಸ ಮಾಡಿದ್ದೇನೆ, ಕಾರು ಇದ್ದವರ ಮನೆಯಲ್ಲೂ ಮಾಡಿದ್ದೇನೆ. ಎರಡರಲ್ಲೂ ಅಂಥ ಕಷ್ಟವೇನಿಲ್ಲ. ಎರಡೂ ಒಬ್ಬರ ಹತ್ತಿರವೇ ಸೇರಿದರೆ ಮಾತ್ರ ಡ್ರೈವರಾದವನಿಗೆ ನೆಮ್ಮದಿ ಇರುವುದಿಲ್ಲ. ಇದಕ್ಕಿಂತ ಹೆಚ್ಚಿಗೆ ಇನ್ನೇನಾದೀತು ಅಂದುಕೊಂಡ ವಾರವೇ ಇನ್ನೊಂದು ಆಗುತ್ತದೆ.

ನಾನು ಮದ್ದೂರಿನ ಹತ್ತಿರ ಒಂದು ಹಳ್ಳಿಯ ಗೌಡರ ಕಾರು ಓಡಿಸುತ್ತಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಸೇರಿದ್ದು. ಗೌಡರು ಕೆಟ್ಟವರಲ್ಲ. ಒಂದು ದಿನವೂ ಊಟ ಹಾಕದೆ ಕಳಿಸಿದವರಲ್ಲ, ನನ್ನ ಹೆಂಡತಿಯ ಬಾಣಂತನಕ್ಕೆ ತುಪ್ಪ ಕೊಟ್ಟವರು. ಆದರೆ ಜೋಡಿನಳಿಗೆ ಕೋವಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತರೋ, ಬೇರೆ ಮನುಷ್ಯರೇ ಆಗಿಬಿಡುತ್ತಿದ್ದರು. ಬೇಟೆ ಸಿಕ್ಕಿದರೆ ಅವರ ಗುರಿ, ಸಿಗದಿದ್ದರೆ ನನ್ನ ಡ್ರೈವಿಂಗು ಅಂತ ಅವರ ಲೆಕ್ಕ. ಸಿಕ್ಕಿದ್ದಂತೂ ನಾನು ಕಾಣೆ.

೧. ರಸ್ತೆ ಅಲ್ಲಾಡಿಸುವವನು

ಮೊದಲ ಸಲ ಹೊರಟದ್ದು ಕೆರಗೋಡಿನ ಕಡೆಗೆ. ಆ ದಾರಿಯಲ್ಲಿ ಬೆಳಿಗ್ಗೆ ಹೊತ್ತು ಕವುಜುಗ ಹಕ್ಕಿಗಳು ಹಿಂಡುಹಿಂಡಾಗಿ ಮೇಯುತ್ತವೆ ಅಂತ ಯಾರೋ ಗೌಡರ ಕಿವಿಗೆ ಹಾಕಿದ್ದರು.

ಮೇಯುತ್ತಿದ್ದುದು ನಿಜ. ಗೌಡರು ನಿಲ್ಲಿಸು ಅಂದರು. ಅದೇನು ಕಟ್ಟೆಯ ಮೇಲೆ ಕೂತವನು ಎದ್ದು ನಿಂತಷ್ಟು ಸುಲಭವೇ? ಬ್ರೇಕು ಹಿಡಿದು, ಕಾರು ಕಿರುಗುಟ್ಟಿ, ಧೂಳು ಎದ್ದು, ಧೂಳು ಇಳಿಯುವ ಹೊತ್ತಿಗೆ ಹಕ್ಕಿಗಳು ಆಚೆ ಹೊಲ ಸೇರಿದ್ದವು. ಮುಂದಿನ ಹಿಂಡು ಕಂಡಾಗ ನಿಲ್ಲಿಸಬೇಡ, ನಿಧಾನಕ್ಕೆ ಹೋಗು ಅಂದರು. ನಿಧಾನಕ್ಕೆ ಹೋದೆ. ಅದು ಎತ್ತಿನ ಗಾಡಿಗಳು ಕೊರೆದು ಹಾಕಿದ ದಾರಿ. ಒಂದು ಚಕ್ರ ಗುಂಡಿಯಲ್ಲಿ, ಇನ್ನೊಂದು ದಿಬ್ಬದ ಮೇಲೆ. ಗೌಡರು ಹಾರಿಸಿದ ಚರೆ ಹಕ್ಕಿಗಳಿಂದ ಹತ್ತು ಮಾರು ಆಚೆ ಇದ್ದ ಕಳ್ಳಿ ಬೇಲಿಗೆ ಬಿತ್ತು. ಬೇಲಿಯ ಹಿಂದೆ ಚೊಂಬು ಹಿಡಿದು ಕೂತಿದ್ದ ರೈತನೊಬ್ಬ ಎದ್ದು, ಗೌಡರ ಮೂರು ತಲೆಮಾರಿನವರನ್ನೂ ನೆನೆದ.

ಆ ಬೈಗುಳವನ್ನೆಲ್ಲ ಕೇಳಿಸಿಕೊಂಡವರು ಗೌಡರೇ. ಅದನ್ನು ನನ್ನ ಮೇಲೆ ತೀರಿಸಿಕೊಳ್ಳಬೇಕಲ್ಲ, ಗುರಿ ತಪ್ಪಿದ್ದು ನಿನ್ನಿಂದಲೇ ಅಂತ ರೇಗಿದರು. ರಸ್ತೆ ಹಾಳಾಗಿದೆ ಗೌಡ್ರೆ, ಕಾರು ಅಲ್ಲಾಡಿತು, ನಾನೇನು ಮಾಡಲಿ ಅಂದೆ.

"ಕಾರು ಅಲ್ಲಾಡ್ಲಿ ಕಣ್ಲಾ, ಬ್ಯಾಡ ಅಂದೋರ್ಯಾರು? ನಾನು ಗುರಿ ಮಡಗ್ದಾಗ ಅಲ್ಲಾಡುಸ್ಬ್ಯಾಡ, ಆಮೇಲೆ ಎಷ್ಟು ಬೇಕಾದ್ರೂ ಅಲ್ಲಾಡ್ಸು."

೨. ಒಲೆ ಹೊತ್ತ ಕಾರು

ಯುದ್ಧ ಜೋರಾದ ಮೇಲೆ ಪೆಟ್ರೋಲು ರೇಷನ್ ಚೀಟಿಗೆ ಬಂತು. ಮಳವಳ್ಳಿ ದಾರಿಯ ಎಷ್ಟೋ ಬಸ್ಸುಗಳು ನಿಂತವು. ಅವುಗಳ ಡ್ರೈವರುಗಳು ಮಂಡ್ಯದ ಕಾಫಿ ಹೋಟೆಲುಗಳ ಮುಂದೆ ಕೆಲಸವಿಲ್ಲದೆ ಕೂತಿರುತ್ತಿದ್ದರು. ಅವರಲ್ಲಿ ಯಾರನ್ನು ಕರೆದರೂ ನನ್ನ ಜಾಗಕ್ಕೆ ಓಡಿ ಬರುತ್ತಿದ್ದರು. ಇದು ನನಗೆ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು. ನನಗೆ ಗೊತ್ತಿದೆ ಅನ್ನುವುದೂ ಅವರಿಗೆ ಗೊತ್ತಿತ್ತು. ಈ ಕೆಲಸ ಹೋದರೆ ನಾನು ಭಾವಮೈದನ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳಬೇಕು. ಆ ಭಾವಮೈದನ ಬಾಯಿ ಎಂಥದ್ದು ಅಂತ ತಿಳಿದವರು ನನ್ನ ಭಯವನ್ನು ಆಡಿಕೊಳ್ಳುವುದಿಲ್ಲ.

ಪೆಟ್ರೋಲು ಇಲ್ಲದಿದ್ದರೆ ಬೇಟೆಯಾದರೂ ನಿಲ್ಲುತ್ತದೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಗೌಡರು ಬಿಡುವವರೇ? ಪೆಟ್ರೋಲಿನ ಬದಲು ಆಗ ಉಳಿದ ಬಸ್ಸುಗಳಿಗೆ ಹಾಕುತ್ತಿದ್ದ ಇದ್ದಿಲು ಗ್ಯಾಸಿನ ಡ್ರಮ್ಮನ್ನು ಕಾರಿನ ಬೆನ್ನಿಗೂ ಕಟ್ಟಿಸಿದರು. ಹೊರಡಬೇಕಾದರೆ ಮೊದಲು ಇದ್ದಿಲಿಗೆ ಬೆಂಕಿ ಹಾಕಬೇಕು, ಆಮೇಲೆ ತೋಳು ಬಿದ್ದುಹೋಗುವ ತನಕ ಬೆಂಕಿಗೆ ಗಾಳಿ ಊದುವ ಚಕ್ರದ ಹಿಡಿ ತಿರುಗಿಸಬೇಕು. ಗೌಡರು ಹಲ್ಲುಜ್ಜಿ, ಸ್ನಾನ ಮಾಡಿ, ರೊಟ್ಟಿ ತಿಂದು ಬಂದರೂ ನಾನು ತಿರುಗಿಸುತ್ತಲೇ ಇರುತ್ತಿದ್ದೆ.

ಹಾಗೆ ತಯಾರಾದ ಕಾರಿನಲ್ಲಿ ಕುರುಚಲು ಕಾಡಿನೊಳಕ್ಕೆ ಸದ್ದಿಲ್ಲದೆ ನುಗ್ಗಬೇಕಂತೆ. ಹಿಂದೆ ಹೊಗೆ, ಮುಂದೆ ಗಡಗಡ. ಗುಡ್ಡ ಬಂದರೆ ಹತ್ತದು. ನಾನು ಇಳಿದು ತಳ್ಳಬೇಕು, ಗೌಡರು ಇಳಿದರೆ ಗುರಿ ತಪ್ಪುತ್ತದೆ. ಇಡೀ ಬೆಳಿಗ್ಗೆ ಒಂದು ಅಳಿಲೂ ಕಣ್ಣಿಗೆ ಬೀಳಲಿಲ್ಲ. ಆ ಕಾಡಿನ ಅಂಚಿನಲ್ಲಿ ನಮ್ಮೂರಿನ ಹಳೆಯ ಬೇಟೆಗಾರ ಸಿಕ್ಕಿದ. ವಯಸ್ಸಾಗಿತ್ತು, ಊರಿಗೆಲ್ಲ ಅಜ್ಜ. ಬಲೆ ಹೆಗಲ ಮೇಲೆ, ಮೂರು ನಾಯಿ ಹಿಂದೆ, ಸೊಂಟದಲ್ಲಿ ಎರಡು ಮೊಲ. ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದ, ಕೆಮ್ಮಿದ, ಡ್ರಮ್ಮಿನೊಳಗೆ ಇಣುಕಿ ನೋಡಿದ.

"ಒಳ್ಳೇದು ಮಾಡಿದ್ರಿ ಗೌಡ್ರೆ. ಒಲೆ ಅಚ್ಚಿ ಮಡಗಿದ್ದೀರಿ. ಪ್ರಾಣಿ ತಾನಾಗೇ ಬಂದು ಬೀಳೋದೊಂದು ಬಾಕಿ."

೩. ಬಸುರಿ ಹೆಣ್ಣುಮಕ್ಕಳ ಊರು

ಕೊಕ್ಕರೆ ಬೆಳ್ಳೂರಿಗೆ ಹೋಗುವುದು ಬೇಡ ಅಂತ ನಾನು ಹೇಳಿದ್ದೆ. ಹೇಳಿದ್ದೆ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಅಷ್ಟೆ. ಆ ಊರಿನ ಹುಣಸೆ ಮರಗಳ ಮೇಲೆ ವರ್ಷವರ್ಷ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಅವು ಬಾಣಂತನಕ್ಕೆ ತೌರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರ ಮಾತು. ಕಲ್ಲೆಸೆದ ಮಕ್ಕಳಿಗೂ ಅಲ್ಲಿ ಬೆನ್ನಿಗೆ ಬೀಳುತ್ತದೆ.

ಓಡುವ ಪ್ರಾಣಿಗೆ ಕಾರಿನಿಂದ ಗುರಿ ಸಿಗದು, ಕೂತ ಹಕ್ಕಿಯಾದರೂ ಸಿಕ್ಕೀತು ಅಂತ ಗೌಡರ ಯೋಚನೆ. ಸರಿಯಾಗಿ ಮರದ ಕೆಳಗೇ ಕಾರು ನಿಲ್ಲಿಸು ಅಂದರು. ನಿಲ್ಲಿಸಿದೆ. ಕೋವಿಯನ್ನು ಕಿಟಕಿಯಿಂದ ಆಚೆ ಚಾಚಿದರು. ಅಷ್ಟರಲ್ಲಿ ಯಾರೋ ಆ ನಳಿಗೆಯನ್ನು ಹಿಡಿದು ನೆಲದ ಕಡೆ ಬಗ್ಗಿಸಿದರು. ನೋಡಿದರೆ ಒಬ್ಬ ಅಜ್ಜಿ. ಹಿಂದೆ ಇನ್ನೂ ಹತ್ತು ಹೆಂಗಸರು, ಒಬ್ಬರ ಕೈಯಲ್ಲಿ ಒನಕೆ.

ಅಜ್ಜಿ ಗೌಡರಿಗೆ ಒಂದು ಮಾತೂ ಅನ್ನಲಿಲ್ಲ. ಬೈದದ್ದೆಲ್ಲ ನನ್ನನ್ನು. ಅವರು ದೊಡ್ಡವರು, ಅವರಿಗೆ ತಿಳಿಯದು, ಕರೆದುಕೊಂಡು ಬಂದವನಿಗೆ ಬುದ್ಧಿ ಬೇಡವೇ ಅಂದಳು. ನನಗೆ ಉರಿದುಹೋಯಿತು. ಆದರೂ ಅವಳು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಮೊಟ್ಟೆಯ ಮೇಲೆ ಕೂತ ಹಕ್ಕಿಯನ್ನು ಮೆತ್ತೆಯ ಮೇಲೆ ಕೂತವರು ಹೊಡೆಯುವುದು ಯಾವ ಸೀಮೆಯ ಶೌರ್ಯ ಅಂತ ನನಗೂ ಅನ್ನಿಸಿತ್ತು. ತೋಟಾಗಳನ್ನು ಅಜ್ಜಿ ಈಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಬಿಸಿಲಲ್ಲಿ ಬಂದಿದ್ದೀರಿ ಅಂತ ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಕುಡಿದು ಬರುವಷ್ಟರಲ್ಲಿ ಕಾರು ಬೆಳ್ಳಗಾಗಿತ್ತು. ಮರದ ಮೇಲಿನವರು ಗುರಿ ತಪ್ಪಿದವರಲ್ಲ. ಗಾಜು, ಸೀಟು, ಸೀಟಿನ ಮೇಲೆ ಬಿಟ್ಟಿದ್ದ ಗೌಡರ ಹೊಸ ಟೋಪಿ, ಒಂದನ್ನೂ ಬಿಟ್ಟಿರಲಿಲ್ಲ. ನಾನು ಬಟ್ಟೆ ತೆಗೆದು ಒರೆಸಲು ಹೋದರೆ ಅಜ್ಜಿ ತಡೆದಳು.

"ಇಲ್ಲಿ ಒರುಸ್ಬ್ಯಾಡ ಕಣ್ ಮಗ, ದಂಡ ಆಯ್ತದೆ. ಗೌಡ್ರ ಗದ್ದೇಲಿ ನಿಲ್ಸಿ ತೊಳಿ. ಒಳ್ಳೆ ಗೊಬ್ರ."

೪. ಒಂದು ಕಾಲಿನ ಧರ್ಮ

ಗೌಡರಿಗೆ ಮಳವಳ್ಳಿಯಲ್ಲಿ ಒಬ್ಬ ವಕೀಲರು ಸ್ನೇಹಿತರು. ಕಾರಿನಲ್ಲಿ ಕೂತು ಬೇಟೆಯಾಡುವುದು ಅಧರ್ಮ ಅಂತ ಅವರು ಗೌಡರನ್ನು ಬಹಳ ದಿನದಿಂದ ಕೆಣಕುತ್ತಿದ್ದರು. ಗೌಡರ ವಾದವೂ ಕಡಿಮೆಯದಲ್ಲ. ನಡೆದು ಹೋದರೆ ಪ್ರಾಣಿಗೆ ನಾಲ್ಕು ಕಾಲು, ನನಗೆ ಎರಡೇ, ಅದು ಯಾವ ನ್ಯಾಯ? ಕಾರಿಗೆ ನಾಲ್ಕು ಚಕ್ರ, ಪ್ರಾಣಿಗೆ ನಾಲ್ಕು ಕಾಲು, ಇದು ಸಮ. ಒಂದು ದಿನ ಹೀಗೆ ಊಟದ ಎಲೆಯ ಮುಂದೆ ಶುರುವಾದ ವಾದ ಕಾರಿನೊಳಗೂ ಮುಂದುವರಿಯಿತು, ಮೂರು ಮೈಲಿ. ಕೊನೆಗೆ ಇಬ್ಬರೂ ರಾಜಿಯಾದರು. ಕಾರು ನಿಂತಿರಬೇಕು. ಬೇಟೆಗಾರನ ಒಂದು ಕಾಲು ಫುಟ್‌ಬೋರ್ಡಿನ ಮೇಲೆ ಇರಬಹುದು, ಇನ್ನೊಂದು ನೆಲದ ಮೇಲೆ ಇರಲೇಬೇಕು. ಆಗ ಅರ್ಧ ಧರ್ಮವಾದರೂ ಉಳಿಯುತ್ತದೆ.

ಓದಿದವರು ಮಾಡಿದ ರಾಜಿ, ನನ್ನದೇನು. ಕಬ್ಬಿನ ಗದ್ದೆಯೊಂದರ ಪಕ್ಕ ನಿಲ್ಲಿಸಿದೆ. ಗೌಡರು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಂತರು. ವಕೀಲರು ಪಕ್ಕದಲ್ಲಿ ನಿಂತು ಕಾಲುಗಳ ಮೇಲೆ ಕಣ್ಣಿಟ್ಟರು. ಕಬ್ಬು ಅಲ್ಲಾಡಿತು. ಬಂದದ್ದು ಕಾಡುಹಂದಿ, ಒಳ್ಳೆ ಎಮ್ಮೆಗರುವಿನಷ್ಟಿತ್ತು. ಗೌಡರ ಒಂದು ಈಡು ಆಕಾಶಕ್ಕೆ ಹೋಯಿತು, ಇನ್ನೊಂದು ಕಬ್ಬಿಗೆ. ಹಂದಿ ನಮ್ಮ ಕಡೆಗೇ ತಿರುಗಿತು.

ನಾನು ಕಾರಿನ ತಲೆಯ ಮೇಲೆ ಹತ್ತಿದೆ. ಅದನ್ನು ಮುಚ್ಚಿಡುವುದಿಲ್ಲ. ವಕೀಲರು ಕೋಟಿನ ಸಮೇತ ಹೊಂಗೆ ಮರ ಹತ್ತಿದರು. ಗೌಡರು ಮಾತ್ರ ಅಲ್ಲೇ ನಿಂತು, ಯಾವ ಕಾಲು ಎತ್ತಲಿ ಅಂತ ಮರದ ಕಡೆ ನೋಡಿ ಕೇಳುತ್ತಿದ್ದರು. ಹಂದಿ ಅವರನ್ನು ಮುಟ್ಟಲಿಲ್ಲ. ಕಾರಿನ ಬಾಗಿಲಿಗೆ ಒಂದು ಸಲ ಗುದ್ದಿ, ಅದು ಒಳಕ್ಕೆ ತಗ್ಗಿದ್ದನ್ನು ನೋಡಿ, ಸಮಾಧಾನವಾಗಿ ಕಬ್ಬಿನೊಳಕ್ಕೆ ಹಿಂದಿರುಗಿತು.

ಕಬ್ಬು ಅಲ್ಲಾಡುವುದು ನಿಂತಿತು. ಆಮೇಲೆ ವಕೀಲರು ಕೊಂಬೆಯ ಮೇಲಿಂದಲೇ ತೀರ್ಪು ಕೊಟ್ಟರು.

"ನೋಡಿ ಗೌಡ್ರೆ, ಇವತ್ತು ಧರ್ಮವಾಗಿ ಬೇಟೆ ಆಡಿದ್ದು ಅದೊಂದೇ. ನಾಲ್ಕೂ ಕಾಲು ನೆಲದ ಮೇಲಿತ್ತು."

೫. ಹೊಸತೊಡಕು

ಹಂದಿಯ ಸುದ್ದಿ ಮಂಡ್ಯದ ಸಂತೆಯ ತನಕ ಹೋಯಿತು. ಬೆಲ್ಲ ಕೊಳ್ಳಲು ಬಂದವರೂ ಗೌಡರ ಕಾಲಿನ ಕಡೆ ನೋಡಿ ನಗತೊಡಗಿದರು. ಗೌಡರಿಗೆ ಅವಮಾನ ಆಯಿತು. ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಹೇಳಬಾರದು. ಆದರೆ ಅದರ ಏಟು ಬಂದು ಬಿದ್ದದ್ದು ನನ್ನ ಮೇಲೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಮಾಂಸದ ಅಡುಗೆ ಆಗಲೇಬೇಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತ ನಂಬಿಕೆ. ಈ ಸಲ ತಮ್ಮ ಮನೆಯ ಒಲೆಯ ಮೇಲೆ ತಾವೇ ಹೊಡೆದ ಬೇಟೆ ಬೇಯುತ್ತದೆ ಅಂತ ಗೌಡರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಹೊರಡುವಾಗ ನನ್ನ ಹತ್ತಿರ ಬಂದು, ಇವತ್ತೂ ಬರಿಗೈಯಲ್ಲಿ ಬಂದರೆ ನಾಳೆಯಿಂದ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇನೆ ಅಂದರು. ಮೆತ್ತಗೆ ಅಂದರು. ಅವರು ಕೂಗಾಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಭಾವಮೈದನ ಮುಖ ಕಣ್ಣ ಮುಂದೆ ಬಂತು.

ಅವತ್ತು ಊರಿನವರೆಲ್ಲ ಬೇಟೆಗೆ ಬರುತ್ತಾರೆ. ಅಜ್ಜನೇ ಯಜಮಾನ. ಒಂದು ಕಡೆ ಬಲೆ ಕಟ್ಟಿದ್ದರು, ಕೆಲವರು ಪೊದೆ ಬಡಿದು ಪ್ರಾಣಿ ಎಬ್ಬಿಸುತ್ತಿದ್ದರು. ನಾವು ಆಚೆ ಗಾಡಿದಾರಿಯಲ್ಲಿ ಹೊಗೆ ಬಿಡುತ್ತಾ ಕಾದೆವು. ಒಂದು ಮೊಲ ಎದ್ದಿತು. ಗೌಡರು ಹಿಂದಿನ ಸೀಟಿನಿಂದ ನನ್ನ ಕಿವಿಯ ಪಕ್ಕದಲ್ಲೇ ಎರಡು ಈಡನ್ನೂ ಒಟ್ಟಿಗೆ ಹಾರಿಸಿದರು. ಮೊಲ ಬೆದರಿ ಕಾರಿನ ಹಿಂದುಗಡೆಗೆ ಓಡಿತು. ತಲೆಯೊಳಗೆ ಗಂಟೆ ಬಾರಿಸಿದ ಹಾಗಾಗಿ, ನನ್ನ ಕೈ ಎಲ್ಲಿಗೆ ಹೋಯಿತೋ, ಕಾಲು ಏನು ತುಳಿಯಿತೋ, ಕಾರು ಹಿಂದಕ್ಕೆ ನುಗ್ಗಿತು. ಏನೋ ಮೆತ್ತಗೆ ತಗುಲಿದ ಹಾಗಾಯಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಹತ್ತಿರ ಮೊಲ ಸತ್ತು ಬಿದ್ದಿತ್ತು.

ಗೌಡರು ಮೊಲವನ್ನು ಎತ್ತಿ ಹಿಡಿದು ನಾನೇ ಹೊಡೆದದ್ದು ಅಂದರು. ನನ್ನ ಕೆಲಸ ಉಳಿಯಿತು ಅಂತ ನನ್ನ ಎದೆ ಹಗುರಾಯಿತು. ಅವರೇ ಹೊಡೆದದ್ದು, ನಾನು ಕಣ್ಣಾರೆ ಕಂಡೆ ಅಂತ ದನಿಗೂಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹೊಸತೊಡಕಿನ ಬೇಟೆ ಅಂದರೆ ಪಾಲು ಹಾಕಬೇಕು. ಪ್ರಾಣಿಗೆ ಏಟು ಕೊಟ್ಟವನಿಗೆ ತಲೆ ಮತ್ತು ಒಂದು ತೊಡೆ. ಮಿಕ್ಕದ್ದು ಬಲೆ ಹಿಡಿದವರಿಗೆ, ನಾಯಿಗಳಿಗೆ, ಕೊನೆಗೆ ಪೊದೆ ಬಡಿದವರಿಗೆ. ಅಜ್ಜ ಮೊಲವನ್ನು ಮಗುಚಿ ಹಾಕಿ, ಕೂದಲು ಬಿಡಿಸಿ ಬಿಡಿಸಿ ನೋಡಿದ. ಒಂದು ಚರೆಯೂ ತಗುಲಿರಲಿಲ್ಲ. ಬೆನ್ನಿನ ಮೇಲೆ ಟಯರಿನ ಅಚ್ಚು ಮಾತ್ರ ಮುದ್ರೆ ಒತ್ತಿದ ಹಾಗೆ ಕೂತಿತ್ತು.

"ಏಟು ಕೊಟ್ಟಿರೋದು ಗಾಡಿ. ಗಾಡಿ ಇಡ್ದಿದ್ದೋನು ಇವ್ನು," ಅಂತ ಅಜ್ಜ ತಲೆಯನ್ನೂ ತೊಡೆಯನ್ನೂ ನನ್ನ ಕೈಗೆ ಹಾಕಿದ. "ಗೌಡ್ರು ಸದ್ದು ಮಾಡಿ ಎದುರ್ಸಿ ಓಡ್ಸವ್ರೆ. ಅದೂ ಕೆಲ್ಸವೇಯ, ಇಲ್ಲ ಅನ್ನಾಕಿಲ್ಲ. ಪೊದೆ ಬಡ್ದೋರ ಪಾಲು ಕೊಡ್ರಪ್ಪ."

ನನಗೆ ಬೇಡ, ಗೌಡರಿಗೇ ಕೊಡು ಅಂತ ನಾನು ಅಜ್ಜನ ಕಾಲಿಗೆ ಬೀಳುವುದೊಂದು ಬಾಕಿ. ಅವನು ಕೇಳಲಿಲ್ಲ. ಪಾಲಿನಲ್ಲಿ ಮೋಸ ಮಾಡಿದರೆ ವರ್ಷವೆಲ್ಲ ಬಲೆಗೆ ಏನೂ ಬೀಳದು ಅಂದ. ಊರವರೆಲ್ಲ ತಲೆಯಾಡಿಸಿದರು. ಗೌಡರಿಗೆ ಮುತ್ತುಗದೆಲೆಯಲ್ಲಿ ಒಂದು ಚೂರು ಬಂತು. ನಾಯಿಗಳಿಗೆ ಅದಕ್ಕಿಂತ ದೊಡ್ಡ ಚೂರು ಬಂದಿತ್ತು. ಅದನ್ನು ನಾನೂ ನೋಡಿದೆ, ಗೌಡರೂ ನೋಡಿದರು. ಮನೆಯಲ್ಲಿ ನನ್ನ ಹೆಂಡತಿ ಸಂತೋಷದಿಂದ ಸಾರು ಮಾಡಿದಳು. ನಾನು ಭಾವಮೈದನ ಗದ್ದೆಯ ಕಳೆ ನೆನೆಯುತ್ತಾ ಕೂತೆ.

ಮಾರನೆಯ ಬೆಳಿಗ್ಗೆ ಕೆಲಸ ಬಿಡಿಸುತ್ತಾರೆ ಅಂತಲೇ ಹೋದೆ. ಆದರೂ ಇದ್ದಿಲಿಗೆ ಬೆಂಕಿ ಹಾಕಿ, ಹಿಡಿ ತಿರುಗಿಸಿ, ಕಾರು ತಯಾರು ಮಾಡಿದೆ. ಗೌಡರು ಬಂದರು. ಮುಂದಿನ ಬಾಗಿಲು ತೆಗೆದು ನನ್ನ ಜಾಗದಲ್ಲಿ ಕೂತು ಸ್ಟೀರಿಂಗು ಹಿಡಿದರು. ಅವರಿಗೆ ಕಾರು ಓಡಿಸಲು ಬರುವುದಿಲ್ಲ ಅಂತ ಊರಿಗೇ ಗೊತ್ತು. ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ಅವರು ಜೋಡಿನಳಿಗೆ ಕೋವಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಇನ್ಮ್ಯಾಕೆ ಏಟು ಕೊಡೋನು ನಾನು ಕಣ್ಲಾ. ನೀನು ಹಿಂದ್ಗಡೆ ಕುಂತ್ಕಂಡು ಸದ್ದು ಮಾಡು, ಸಾಕು."