ಎಂಜಿನ್ ಬಿಟ್ಟು ಗಾಡಿ ಎತ್ತಿದವನು

ನನ್ನ ಮೈದುನನ ತಲೆಯಲ್ಲಿ ಮೆದುಳಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಇದೆ. ಆದರೆ ಅದನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದಾನೆ, ತಿರುಗಿ ಜೋಡಿಸುವುದು ಬಾಕಿ!

ಎಪ್ಪತ್ತು ದಾಟಿದ ಗಂಡಸು. ಮದುವೆಯಾಗಲಿಲ್ಲ. ಜೀವಮಾನವಿಡೀ ಸರ್ಕಾರಿ ಕಾರ್ಖಾನೆಯಲ್ಲಿ ಕಬ್ಬಿಣ ಕೊರೆದವನು ಈಗಲಾದರೂ ಸುಮ್ಮನೆ ಕೂರಬೇಕೋ ಬೇಡವೋ? ಹೋದ ವರ್ಷ ಎದೆ ಕೊಯ್ದು ಹೊಲಿದ ಡಾಕ್ಟರು ಇವನ ಮುಂದೆಯೇ ನನಗೆ ಹೇಳಿದ್ದರು, ತುಂಬಿದ ಕೊಡ ಕೂಡ ಎತ್ತಗೊಡಬೇಡಿ ಎಂದು. ಇವನು ವಿಧೇಯನಾಗಿ ತಲೆಯಾಡಿಸಿದ. ಕೊಡ ಎತ್ತಲಿಲ್ಲ. ಕಾರು ತಂದ!

ಪಟಾನ್‌ಚೆರು ಕಡೆಯ ಯಾವುದೋ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರು. ವಿಲಾಯಿತಿಯದಂತೆ. ಆಮೆಯಷ್ಟು ಕುಳ್ಳು. ಅದನ್ನು ನಾರಾಯಣಗೂಡದ ನಮ್ಮ ಮನೆಯ ಅಂಗಳದಲ್ಲಿ, ಸರಿಯಾಗಿ ನಾನು ಹಪ್ಪಳ ಒಣಗಿಸುವ ಜಾಗದಲ್ಲೇ ತಂದು ನಿಲ್ಲಿಸಿದ. ಕೋಳಿಗಳಿಗಾದರೂ ಅದರಿಂದ ಏನೋ ಉಪಯೋಗವಿತ್ತು!

ಒಂದು ದಿನ ಎಂಜಿನ್ ಹೊರಗೆ ತೆಗೆಯುತ್ತೇನೆ ಅಂದ. ತೆಗೆ, ನನಗೇನು? ಅದು ಹಾಗಲ್ಲವಂತೆ.

"ವೈನಿ, ಈ ಗಾಡ್ಯಾಗ ಎಂಜಿನ್ ಮ್ಯಾಲಿಂದ ಎತ್ತಾಕ ಬರೂದಿಲ್ರಿ. ಎಂಜಿನ್ನು, ಅದು ಕುಂತ ಕಬ್ಬಿಣದ ಚೌಕಟ್ಟು, ಮುಂದಿನ ಗಾಲಿ, ಎಲ್ಲಾ ಸೇರಿ ಒಂದ ಗಂಟು. ಅದನ್ನ ಕೆಳಗ ಬಿಟ್ಟು ಗಾಡಿನ ಮ್ಯಾಲೆ ಎತ್ತಬೇಕು."

"ಅಂದ್ರ ಬಾಣಲಿ ಅಲ್ಲೇ ಇಟ್ಟು ಒಲಿ ಎತ್ತತೀ?"

"ಹಂಗ ತಿಳಕೋರಿ!"

ಹೇಗೆ ತಿಳಿದುಕೊಳ್ಳಲಿ? ಮರುದಿನ ಅಡುಗೆಮನೆಗೆ ಹೋದರೆ ಗ್ಯಾಸ್ ಸಿಲಿಂಡರ್ ಬರಿನೆಲದ ಮೇಲೆ ನಿಂತಿದೆ. ಅದರ ಕೆಳಗಿನ ಚಕ್ರದ ಸ್ಟ್ಯಾಂಡ್ ಎಲ್ಲಿ? ಅಂಗಳದಲ್ಲಿ! ಎಂಜಿನ್ನಿನ ಗಂಟನ್ನು ಅದರ ಮೇಲೆ ಕೂರಿಸಿ ತಳ್ಳಿಕೊಂಡು ಹೋಗುತ್ತಾನಂತೆ. ಭಾರ ತಡೆಯುತ್ತದೋ ಇಲ್ಲವೋ ನೋಡಲು ಮೊದಲು ತಾನೇ ಹತ್ತಿ ನಿಂತ. ಸ್ಟ್ಯಾಂಡಿನ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು, ಇವನು ಐದನೆಯ ದಿಕ್ಕಿಗೆ! ಬಿದ್ದಲ್ಲಿಂದಲೇ, "ಇದು ಆಗೂದಿಲ್ರಿ ವೈನಿ" ಎಂದು ತೀರ್ಪು ಕೊಟ್ಟ. ನನ್ನನ್ನು ಕೇಳಿದ್ದರೆ ನಿಂತಲ್ಲೇ ಹೇಳುತ್ತಿದ್ದೆ.

ಆಮೇಲೆ ಹಳೆಯ ಕಬ್ಬಿಣದ ಮಂಚ ಕೊಯ್ದು, ಗಿಡ್ಡ ಚಕ್ರ ಹಾಕಿ, ತಳ್ಳುಗಾಡಿ ಮಾಡಿದ. ಹೋಗಲಿ, ಆ ಮಂಚದಲ್ಲಿ ಹೇಗೂ ತಿಗಣೆ ಇದ್ದವು. ಆದರೆ ಅದರ ಮೇಲೆ ಹಾಸಿದ್ದು ಏನು ಗೊತ್ತೇ? ನನ್ನ ಮದುವೆಯಲ್ಲಿ ನಾನೂ ನನ್ನ ಗಂಡನೂ ಕೂತ ಸಾಗವಾನಿ ಮಣೆಗಳು!

"ಏ, ಅವು ಮದವಿ ಮಣಿ ಅದಾವೋ!"

"ಕಬ್ಬಿಣದ ಮ್ಯಾಲೆ ಕಬ್ಬಿಣ ಇಡಬಾರದ್ರಿ. ಎಂಜಿನ್ನಿನ ತಳದಾಗಿನ ಎಣ್ಣಿ ತಟ್ಟಿ ತೆಳ್ಳಗಿರತೈತಿ, ಒಡದು ಹೋಗತೈತಿ. ನಡುವ ಅಗಲದ ಕಟಗಿ ಬೇಕು."

ನಾನು ಆ ಮಣೆಯ ಮೇಲೆ ಕೂತಾಗ ನನಗೇನು ಒಡೆಯುತ್ತದೆ ಎಂದು ಈ ಮನೆಯಲ್ಲಿ ಯಾರಾದರೂ ಕೇಳಿದ್ದರೇ? ಪಕ್ಕದ ಮನೆಯ ತೆಲುಗಿನಾಕೆ ಗೋಡೆಯ ಮೇಲಿಂದ ಇಣುಕಿ, ಮಣೆ ನೋಡಿ, "ಇಂಟ್ಲೋ ಪೆಳ್ಳಾ ಅಮ್ಮಾ?" ಅಂದಳು. ಹೌದಮ್ಮಾ, ಮದುವೆಯೇ. ಗಂಡಿಗೆ ಎಪ್ಪತ್ತು, ಹೆಣ್ಣಿಗೆ ತುಕ್ಕು!

ಭಾನುವಾರ ಬೆಳಿಗ್ಗೆ ಮುಹೂರ್ತ. ಇವನ ಜೊತೆ ದುಡಿದ ಮಸ್ತಾನ್ ಭಾಯಿ ಬಂದರು, ಅವರೂ ಇವನ ವಯಸ್ಸಿನವರೇ. ಮೂರು ಕಬ್ಬಿಣದ ಕಂಬ ಸೇರಿಸಿ ಕಟ್ಟಿ, ಸರಪಳಿ ರಾಟೆ ತೂಗುಹಾಕಿದರು. ಗಂಟಿನ ಕೆಳಗೆ ತಳ್ಳುಗಾಡಿ ಸೇರಿಸಿ, ಬೋಲ್ಟು ಬಿಚ್ಚಿದರು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸಹಾಯಕ್ಕಲ್ಲ, ಬೈಯಲಿಕ್ಕೆ.

ಮಸ್ತಾನ್ ಭಾಯಿ ಸರಪಳಿ ಎಳೆದಂತೆ ಗಾಡಿಯ ಮೂತಿ ಮೇಲೇರಿತು. ಎಂಜಿನ್ ಮಣೆಯ ಮೇಲೆ ಉಳಿಯಬೇಕಿತ್ತು. ಉಳಿಯಲಿಲ್ಲ! ಎಂಜಿನ್ನಿಗೂ ಗಾಡಿಗೂ ನಡುವಿನ ದಪ್ಪ ತಂತಿಯೊಂದನ್ನು ಬಿಚ್ಚುವುದನ್ನೇ ಮರೆತಿದ್ದರು. ಗಂಟಿನ ಒಂದು ಮಗ್ಗುಲು ಗಾಡಿಯ ಜೊತೆಗೇ ಮೇಲೆದ್ದು ವಾಲಿಕೊಂಡಿತು.

"ಇಳಸ್ರೀ ಮೊದಲ!" ಎಂದು ನಾನು ಕೂಗಿದೆ.

"ಇಳಿಸಿದ್ರ ಮತ್ತ ಮೊದಲಿಂದ ಎಲ್ಲಾ ಮಾಡಬೇಕ್ರಿ. ಆ ತಂತೀದು ಒಂದ ನಟ್ಟು ಐತಿ ವೈನಿ," ಎಂದವನೇ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಆ ವಾಲಿದ ಕಬ್ಬಿಣದ ಕೆಳಗೆ ತಲೆ ಹಾಕಿಬಿಟ್ಟ. ಹೊಲಿದ ಎದೆಯನ್ನೂ ಜೊತೆಗೇ!

ನಾನು ಕುರ್ಚಿಯಿಂದ ಹೇಗೆ ಎದ್ದೆನೋ ಗೊತ್ತಿಲ್ಲ. ಮೊಣಕಾಲು ನೋವಿನವಳು, ನೆಲಕ್ಕೆ ಕೂತು, ಹೊರಗೆ ಚಾಚಿದ್ದ ಅವನ ಎರಡೂ ಪಾದ ಹಿಡಿದೆ. ನಮ್ಮಲ್ಲಿ ಅಣ್ಣನ ಹೆಂಡತಿಯ ಕಾಲಿಗೆ ಮೈದುನ ಬೀಳಬೇಕು. ಅವನ ಕಾಲು ಅವಳು ಮುಟ್ಟಿದರೆ ಪಾಪ ಅವನಿಗೆ. ಕಬ್ಬಿಣ ಕಿರುಗುಟ್ಟುತ್ತಿದ್ದರೆ ಒಳಗಿನಿಂದ ಇವನ ಕೂಗು ನೋಡಿ:

"ವೈನಿ, ಕಾಲ ಬಿಡ್ರಿ! ದೊಡ್ಡವರು ನೀವು, ಮುಟ್ಟಬ್ಯಾಡ್ರಿ!"

"ಸುಡಗಾಡಕ್ಕ ಹೋಗ್ಲಿ ದೊಡ್ಡಸ್ತನ! ಹೊರಗ ಬಾ!"

"ನನಗ ಪಾಪ ಹತ್ತತೈತ್ರಿ!"

ಮಸ್ತಾನ್ ಭಾಯಿ ಸರಪಳಿ ಹಿಡಿದು ಬೆವರುತ್ತಾ, "ಭಾಬೀ, ಜಲ್ದೀ ಖೀಂಚೋ!" ಅಂದರು. ಗೋಣಿಚೀಲ ಸಮೇತ ಎಳೆದೆ. ನೆಲಕ್ಕೆ ಹಾಸಿದ ಫರ್ಸಿಕಲ್ಲಿನ ಮೇಲೆ ಜಾರಿ ಬಂದ. ತಲೆ ಹೊರಗೆ ಬಂದಿತ್ತೋ ಇಲ್ಲವೋ, ತಂತಿ ಹರಿಯಿತು. ಗಂಟು ಮಣೆಯಿಂದ ಜಾರಿ, ಒಂದು ಮೂಲೆ ಧಡ್ ಎಂದು ನೆಲಕ್ಕೆ ಕೂತಿತು. ಅವನ ಎದೆ ಇದ್ದ ಜಾಗದಲ್ಲಿ.

ಅವನು ಮಲಗಿದಲ್ಲೇ ಆ ಮೂಲೆಯನ್ನು ನೋಡುತ್ತಿದ್ದ.

ನಾನು ಸೊಸೆಯಾಗಿ ಬಂದಾಗ ಇವನು ಚಡ್ಡಿ ಹಾಕುವ ಹುಡುಗ. ಗಂಡ ಹೋದ ಮೇಲೆ ನನ್ನನ್ನು ವೈನಿ ಎಂದು ಕರೆಯುವ ಬಾಯಿ ಈ ಊರಿನಲ್ಲಿ ಇದೊಂದೇ.

"ವೈನಿ... ಕಾಲು," ಅಂದ, ಮೆಲ್ಲಗೆ.

"ಸುಮ್ಮನ ಬೀಳು," ಅಂದೆ.

ಅವನ ಪಾದಗಳು ತಣ್ಣಗೆ ಕೊರೆಯುತ್ತಿದ್ದವು. ಎರಡನ್ನೂ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಬೆಚ್ಚಗಾಗುವವರೆಗೆ ಬಿಡಲಿಲ್ಲ.